ರೇಸ್ ಟೀಮ್ ಮುಚ್ಚಿದ ಕಾರಣ

ಹೆಬ್ಬಾಳದ ಆಸ್ಪತ್ರೆಯಲ್ಲಿ ಕುಲ್ಸುಮ್ ವಾರ್ಡಿನ ಹೊರಗೆ ಕೂತಿದ್ದಳು. ರ‍್ಯಾಲಿ ರೇಸಿನಲ್ಲಿ ಕಾರು ಉರುಳಿ ಗಂಡ ಅಜ್ಜುವಿನ ಎರಡೂ ಕಾಲು ಮುರಿದು ಹದಿನೈದು ದಿನವಾಗಿತ್ತು. ಎದುರು ಬೆಂಚಿನಲ್ಲಿ ಇಬ್ಬರು ಬಂದು ಕೂತರು. ಕೈಯಲ್ಲಿ ಹೂಗುಚ್ಛ, ಕೊರಳಲ್ಲಿ ಅಜ್ಜು ಓಡಿಸುತ್ತಿದ್ದ ಕಾರು ಕಂಪನಿಯ ಬ್ಯಾಡ್ಜು. ಅವಳು ಯಾರೆಂದು ಅವರಿಗೆ ಗೊತ್ತಿರಲಿಲ್ಲ.

“ರೇಸ್ ಟೀಮ್ ಮುಚ್ಚೋದು ಖಾಯಮ್ಮಾ ಸಾರ್?” ಚಿಕ್ಕವನು ಕೇಳಿದ.

“ನಾಳೆ ಪೇಪರಿನವರಿಗೆ ಹೇಳ್ತೀವಿ. ಬಾಗಲೂರು ಯಾರ್ಡಲ್ಲಿ ಎರಡು ಸಾವಿರ ಕಾರು ಮಾರಾಟವಾಗ್ದೆ ಧೂಳು ತಿಂತಾ ನಿಂತಿವೆ. ಇನ್ನು ರೇಸ್ ಯಾವ ಸುಖಕ್ಕೆ?”

“ಹಂಗಂತ ಹೇಳಿದ್ರೆ ಡೀಲರ್‌ಗಳು ಬಿಟ್ಟೋಗ್ತಾರಲ್ಲ.”

“ಅದಕ್ಕೇ ಅಜ್ಜು ಆಕ್ಸಿಡೆಂಟ್ ಇದೆಯಲ್ಲ. ಡ್ರೈವರ್ ತಪ್ಪಿಂದ ಹಿಂಗಾಯ್ತು, ನಮಗೆ ಜೀವ ಮುಖ್ಯ, ಅದಕ್ಕೆ ಮುಚ್ತಿದೀವಿ ಅನ್ನೋದು.”

“ಮೊದ್ಲು ಮುರಿದಿದ್ದು ನಮ್ಮ ಕಾರಿನ ಆಕ್ಸಲ್ ಅಲ್ವಾ ಸಾರ್?”

“ಕಾರು ಗುಜರಿಗೆ ಹೋಗಾಯ್ತು. ಯಾರು ನೋಡ್ತಾರೆ?”

“ಒಳ್ಳೆ ಟೈಮಿಗೆ ಬಿದ್ದ, ಪುಣ್ಯಾತ್ಮ.”

ನರ್ಸ್ ಒಳಗೆ ಕರೆದಳು. ಇಬ್ಬರೂ ಎದ್ದರು.

“ಮುಖ ಸ್ವಲ್ಪ ಸಪ್ಪಗೆ ಮಾಡ್ಕೊ, ಫೋಟೊ ತೆಗೀಬೇಕು,” ಎಂದ ದೊಡ್ಡವನು.

ಕುಲ್ಸುಮ್ ಎದ್ದು ಅವರ ಹಿಂದೆಯೇ ನಡೆದಳು. ಬಾಗಿಲು ಮುಚ್ಚುವಷ್ಟರಲ್ಲಿ ಅಜ್ಜುವಿನ ದನಿ ಕೇಳಿಸಿತು.

“ತಪ್ಪು ತಿಳ್ಕೋಬೇಡಿ ಸಾರ್, ನಿಮ್ಮ ಕಾರು ಹಾಳ್ಮಾಡ್ಬಿಟ್ಟೆ.”