ಟೀಚರು ಹೇಳಿದ ಹೆಲ್ಮೆಟ್ಟು

ಹೊರ್ತಿಯ ಪಂಕ್ಚರ್ ಅಂಗಡಿಯ ನೆರಳಿನಲ್ಲಿ ಇಂಡಿ ಬಸ್ಸಿಗೆ ಕಾಯುತ್ತಿದ್ದ ಪೀರಬಿಗೆ ಗಂಡಹೆಂಡಿರ ಜಗಳವೆಂದರೆ ಕಿವಿ ತಾನಾಗಿಯೇ ನೆಟ್ಟಗಾಗುತ್ತಿತ್ತು. ಗಾಲಿ ರಿಪೇರಿಯಾಗಲೆಂದು ನಿಂತಿದ್ದ ಕಲ್ಮೇಶ ಮಾಸ್ತರನ ಕೈಯಲ್ಲಿ ಹೊಸ ಹೆಲ್ಮೆಟ್ಟಿತ್ತು. ಹೆಂಡತಿ ಭಾಗ್ಯಜ್ಯೋತಿ ಅದನ್ನು ಸವತಿಯನ್ನು ನೋಡಿದ ಹಾಗೆ ನೋಡುತ್ತಿದ್ದಳು.

“ಎರಡು ವರ್ಷ ಬಡಕೊಂಡೆ. ತಲಿ ನಂದು, ಹಾಕೊಳ್ಳೋದು ಬಿಡೋದು ನನ್ನ ಮರ್ಜಿ ಅಂದ್ರಿ.”

“ಈಗ ತಂದೇನಲ್ಲ?”

“ಯಾರು ಹೇಳಿದ ಮ್ಯಾಲ?”

“ದಾನೇಶ್ವರಿ ಟೀಚರು. ಮಾಸ್ತರೇ ಬರೇ ತಲೀಲೆ ಬಂದ್ರ ಸಾಲಿ ಹುಡುಗ್ರು ಏನ ಕಲೀತಾವು ಅಂದ್ರು.”

“ನಮ್ಮ ಮನ್ಯಾಗಿನ ಹುಡುಗ್ರಿಗೆ ಕಣ್ಣಿಲ್ಲೇನ್ರಿ?”

ಮಾಸ್ತರ ಹೆಲ್ಮೆಟ್ಟನ್ನು ಬೆನ್ನ ಹಿಂದೆ ಸರಿಸಿದ.

“ನಾ ಅತ್ತು ಹೇಳಿದ್ರ ಕಿರಿಕಿರಿ. ಆಕಿ ನಕ್ಕು ಹೇಳಿದ್ರ ಬುದ್ಧಿಮಾತು.”

“ಏ, ಮಂದಿ ಕೇಳಾಕತ್ತಾರ.”

“ಕೇಳ್ಲಿ!”

“ಹಂಗಾದ್ರ ಒಗದ ಬಿಡ್ಲೇನು ಇದನ್ನ?”

“ಒಗದು ನೋಡ್ರಿ! ನಿಮ್ಮ ತಲಿ ಒಡದ್ರ ಅಳಿಸೋದು ನನ್ನ ಕುಂಕುಮ, ಆಕಿದಲ್ಲ.”

ಗಾಡಿ ತಯಾರಾಯಿತು. ಮಾಸ್ತರ ಹೆಲ್ಮೆಟ್ಟು ಏರಿಸಿ ಕಿಕ್ ಹೊಡೆದ. ಭಾಗ್ಯಜ್ಯೋತಿ ಹಿಂದೆ ಕುಳಿತಳು.

“ನಾಳೆ ಸಾಲ್ಯಾಗ ಆಕಿಗೆ ಹೇಳ್ರಿ, ಹೆಂಡ್ತಿ ಹೇಳಿದ್ಲು, ಅದಕ್ಕ ಹಾಕೊಂಡೇನಿ ಅಂತ.”

“ಏನಂದಿ? ಇದರಾಗ ಕೇಳವಲ್ತು.”

ಅವಳು ಹೆಲ್ಮೆಟ್ಟಿನ ಮೇಲೆ ಮುಷ್ಟಿಯಿಂದ ಬಡಿದು, ಬಸ್ಸಿಗೆ ನಿಂತವರೆಲ್ಲ ತಿರುಗಿ ನೋಡುವ ಹಾಗೆ ಅದೇ ಮಾತನ್ನು ಕೂಗಿ ಹೇಳಿದಳು.

“ಹೇಳ್ತೇನಿ ನನ್ನವ್ವ, ಹೇಳ್ತೇನಿ!” ಎನ್ನುತ್ತ ಮಾಸ್ತರ ಗಾಡಿ ಓಡಿಸಿದ.