ಮಾನಪತ್ರದ ಮೂರನೆಯ ಸಾಲು

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಅತಿಥಿಗಳೇ, ನನ್ನ ಜೊತೆ ಸೀಮೆಸುಣ್ಣದ ಧೂಳು ಕುಡಿದ ಶಿಕ್ಷಕ ಬಂಧುಗಳೇ, ಮಕ್ಕಳೇ, ಇಳಕಲ್ಲಿನ ಸಮಸ್ತ ಸಭಿಕರೇ,

ನಿವೃತ್ತಿಯ ದಿನ ಜಗಳ ತೆಗೆಯಬಾರದು. ಆದರೂ ತೆಗೆಯುತ್ತೇನೆ. ಈಗಷ್ಟೇ ಓದಿದ ಮಾನಪತ್ರದ ಮೂರನೆಯ ಸಾಲು ನೋಡಿ: ‘ಹಕ್ಕಿಯ ಕೂಗಿನಿಂದಲೇ ಕಳೆದ ಕೂಸನ್ನು ಪತ್ತೆ ಹಚ್ಚಿದ ಗುರಪ್ಪ ಗುರುಗಳು.’ ಅಕ್ಷರ ಮುತ್ತಿನಂಥವು. ಸಂಗತಿ ಮಾತ್ರ ಸುಳ್ಳು.

ಎಂಬತ್ತೊಂದನೆಯ ಇಸವಿ, ಯುಗಾದಿ ಮುಗಿದ ರವಿವಾರ. ಮಕ್ಕಳು, ಅವರ ತಾಯಿ-ತಂದೆ, ಅಜ್ಜ-ಅಜ್ಜಿಯರು ಸೇರಿ ನಲವತ್ತು ಜನ ಗುಡೂರಿನ ಕೆರೆಗೆ ಹಕ್ಕಿ ನೋಡಲು ಹೊರಟೆವು. ನಲವತ್ತು ಜನಕ್ಕೆ ಒಂದೇ ದುರ್ಬೀನು. ಅದರಲ್ಲೂ ಒಂದು ಕಣ್ಣು ಮಂಜು. ಆಗಿನ ನಮ್ಮ ಹೆಡ್‌ಮಾಸ್ತರರು ಅದರಲ್ಲಿ ಎಮ್ಮೆ ನೋಡಿ ಕೊಕ್ಕರೆ ಎಂದದ್ದು ಹಲವರಿಗೆ ನೆನಪಿರಬಹುದು.

ದಿಣ್ಣೆಯ ಮೇಲೆ ಟಿಟ್ಟಿಭ ಹಕ್ಕಿ ತೋರಿಸಿ ಪಾಠ ಮಾಡಿದೆ: ‘ಇದು ಬಯಲಾಗ ಹಳ್ಳು-ಕಲ್ಲಿನ ನಡುವ ತತ್ತಿ ಇಡ್ತೈತಿ. ಯಾರರ ಹತ್ತಿರ ಬಂದ್ರ ಅವರ ತಲಿ ಮ್ಯಾಲೆ ತಿರುಗಿ ತಿರುಗಿ ಒದರ್ತೈತಿ. ತತ್ತಿ ಕಂಡ್ರ ದೂರ ಸರದು ಕುಂದರ್ರಿ. ತುಟಿ ಪಿಟಕ್ಕನಬ್ಯಾಡ್ರಿ. ನಾ ಬರ್ತೇನಿ.’

ಬುತ್ತಿ ಬಿಚ್ಚುವಾಗ ತಲೆ ಎಣಿಸಿದೆ. ಮೂವತ್ತೊಂಬತ್ತು! ಎರಡನೆಯ ಇಯತ್ತೆಯ ಸುಗರಾ ಇಲ್ಲ. ಕೆರೆಯಲ್ಲಿ ಇನ್ನೂ ಆಳ ನೀರಿತ್ತು. ಎಲ್ಲರೂ ಗಂಟಲು ಹರಿಯುವಂತೆ ಕೂಗಿದೆವು. ಉತ್ತರವಿಲ್ಲ. ನನಗೆ ಈಜು ಬರುವುದಿಲ್ಲ. ಎದೆಮಟ್ಟದ ನೀರಿಗೆ ಇಳಿದು ಕೈಯಾಡಿಸುತ್ತಿದ್ದೆ. ಎಂಥ ಭಯ ಅದು! ಅವಳ ಮನೆಗೆ ಏನೆಂದು ಹೇಳಲಿ? ಯಾವ ಬಾಯಿಂದ ಹೇಳಲಿ?

ಆಗ ದಂಡೆಯ ಮೇಲಿಂದ ಅವಳ ಅಜ್ಜಿ ರೋಷನಬಿಯವರ ದನಿ ಬಂತು. ನೇಕಾರರ ಮನೆಗಳಿಗೆ ನೂಲು ಸುತ್ತಿಕೊಡುವವರು, ಸಾಲಿಯ ಮೆಟ್ಟಿಲು ಹತ್ತಿದವರಲ್ಲ.

‘ಮಾಸ್ತರ್ರ, ಮ್ಯಾಲೆ ಬರ್ರಿ. ನಾವೆಲ್ಲಾ ಇಲ್ಲಿ ಅದೀವಿ. ಮತ್ತ ಆ ಹಕ್ಕಿ ಅಲ್ಲಿ ಯಾರ ತಲಿ ಮ್ಯಾಲೆ ಒದರಾಕತ್ತೈತ್ರಿ?’

ಪಾಠ ಮಾಡಿದವನು ಮರೆತಿದ್ದೆ. ಕೇಳಿಸಿಕೊಂಡವರು ಮರೆತಿರಲಿಲ್ಲ.

ಓಡಿದೆವು. ನನ್ನ ಕಾಲು ಉದ್ದ, ಮೊದಲು ಮುಟ್ಟಿದ್ದು ನಾನು. ಜಾಲಿಕಂಟಿಯ ಹಿಂದೆ ಸುಗರಾ ತುಟಿಯ ಮೇಲೆ ಬೆರಳಿಟ್ಟು ಕುಳಿತಿದ್ದಳು. ‘ಒದರಬ್ಯಾಡ್ರಿ ಸರ, ನಾಕು ತತ್ತಿ ಅದಾವ’ ಎಂದು ಪಿಸುಗುಟ್ಟಿದಳು. ನಾನು ಅವಳನ್ನು ಎತ್ತಿಕೊಂಡು ಅತ್ತುಬಿಟ್ಟೆ.

ಇಳಕಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಕೂಸು ನನ್ನ ಹೆಗಲ ಮೇಲಿತ್ತು. ಜನ ನನ್ನನ್ನು ಹೊಗಳಿದರು. ನಾನು ಅಲ್ಲವೆನ್ನಲಿಲ್ಲ. ಏಳು ವರ್ಷ ಅಲ್ಲವೆನ್ನಲಿಲ್ಲ, ಸಭಿಕರೇ. ರೋಷನಬಿಯವರೂ ತುಟಿ ಪಿಟಕ್ಕೆನ್ನಲಿಲ್ಲ. ಮುಂದಿನ ರವಿವಾರ ಹಕ್ಕಿ ನೋಡಲು ಯಾರೂ ಬರಲಾರರು ಎಂದುಕೊಂಡಿದ್ದೆ. ಅವರೇ ಮೊಮ್ಮಗಳ ಕೈಹಿಡಿದು ಬಂದು, ‘ಇವತ್ತ ಯಾವ ಹಕ್ಕಿರಿ?’ ಎಂದರು. ಅವರು ಬರದಿದ್ದರೆ ನಮ್ಮ ಈ ರವಿವಾರದ ಹಕ್ಕಿ ನಡಿಗೆ ಅಲ್ಲಿಗೇ ನಿಲ್ಲುತ್ತಿತ್ತು.

ಮಾನಪತ್ರಕ್ಕೆ ಇನ್ನೂ ಗಾಜು ಕೂಡಿಸಿಲ್ಲ, ಒಳ್ಳೆಯದಾಯಿತು. ಕೆಂಪು ಮಸಿಯ ಪೆನ್ನು ಕಿಸೆಯಲ್ಲೇ ಇದೆ. ಮೂವತ್ನಾಲ್ಕು ವರ್ಷ ನಿಮ್ಮ ತಪ್ಪು ತಿದ್ದಿದೆ, ಇದೊಂದು ನನ್ನದು. ಇಗೋ, ನನ್ನ ಹೆಸರು ಹೊಡೆದುಹಾಕಿದೆ. ರೋಷನಬಿ ಎಂದು ಬರೆದೆ. ಎದೆ ಹಗುರಾಯಿತು.

ಮರ್ಯಾದೆ ಮಾಡಿದವರಿಗೂ, ಅದನ್ನು ತಿದ್ದಲು ಬಿಟ್ಟವರಿಗೂ ನಾನು ಋಣಿ. ಸುಗರಾ, ಮ್ಯಾಲೆ ಬಾರವಾ. ನಿಮ್ಮ ಅಜ್ಜಿ ಕಟ್ಟಕಡೆಯ ಸಾಲಿನಲ್ಲಿ ಕುಳಿತಿದ್ದಾರೆ, ಈಗ ಕಿವಿ ಮಂದ. ಈ ಸಾಲು ಅವರಿಗೆ ಮುಟ್ಟುವಂತೆ ಓದು. ಇವತ್ತ ನೀ ಎಷ್ಟ ಜೋರಾಗಿ ಒದರಿದ್ರೂ ನಡಿತೈತಿ.

ನಮಸ್ಕಾರ.