ಕನ್ನಮ್ಮನ ಎಂಟು ನಿಮಿಷ

...ಇಲ್ಲ ತುಂಗಾ, ಏಳಬೇಡ, ಕೂತ್ಕೋ. ಮಾಸ್ತಿಕಟ್ಟೆಯಿಂದ ಮೊದಲನೇ ಬಸ್ಸಿಗೆ ಬಂದವಳು ಅವ್ವನ ಹಾಡು ಕೇಳದೇ ಹೋಗ್ತೀಯಾ? ಚಿತ್ರ ಬರ್ತಾ ಇದೆಯಲ್ಲ. ನೋಡು, ಅದೇ ಕನ್ನಮ್ಮ. ಹಸಿರು ಸೀರೆ, ತಲೆ ಮೇಲೆ ಸೆರಗು, ಬಾಯಿ ಆಡ್ತಾ ಇದೆ. ದನಿ ಒಂದು ಇಲ್ಲ, ಅಷ್ಟೆ. ಬರಿಸ್ತೀನಿ. ಕೋಣಂದೂರಿನ ರೇಡಿಯೋಗಳಿಗೆಲ್ಲ ಹದಿನಾಲ್ಕು ವರ್ಷದಿಂದ ಬಾಯಿ ಬಿಡಿಸಿದವನು ಈ ಜಯಪ್ಪ. ಯಾವ ಮೇಷ್ಟ್ರೂ ಕಲಿಸಿದ್ದಲ್ಲ, ಶಾಕ್ ಹೊಡೆಸಿಕೊಂಡು ಕಲಿತದ್ದು. ಈ ಡಬ್ಬ ನನ್ನ ಆಟ ಆಡಿಸುತ್ತಾ?

ಮೊದಲು ಟಿ.ವಿ. ವಾಲ್ಯೂಮು... ಪೂರ್ತಿ ಇದೆ. ಜುಂಯ್ ಅಂತ ಕೇಳಿಸ್ತಾ? ಅಂದ್ರೆ ಸ್ಪೀಕರ್ ಸತ್ತಿಲ್ಲ. ಇನ್ನು ವಿಸಿಆರ್‌ನಿಂದ ಬರೋ ಈ ತಂತಿ. ಕಿತ್ತು ಮತ್ತೆ ಸಿಕ್ಕಿಸ್ತೀನಿ... ಇಲ್ಲ. ಚಾನಲ್ ತಿರುಪು ಕೂದಲೆಳೆಯಷ್ಟು ಆಚೀಚೆ ಆದ್ರೂ ಚಿತ್ರ ಉಳಿದು ದನಿ ಹೋಗುತ್ತೆ. ತಿರುಗಿಸ್ತೀನಿ, ಕೇಳು... ಈಗ? ಈಗ? ನನ್ನ ಮುಖ ಎಂತಕ್ಕೆ ನೋಡ್ತೀಯ, ಟಿ.ವಿ. ನೋಡು.

ಟೇಪು ಓದೋ ಹೆಡ್ಡಿಗೆ ಧೂಳು ಕೂತಿರಬಹುದು ಅಂತೀಯಾ? ಧೂಳು ಎಲ್ಲಿಂದ ಬರಬೇಕು, ಒರೆಸಿದವನೇ ನಾನು. ದೊಡ್ಡ ಮನೆ ಮುಕುಂದಯ್ಯ ಈ ಯಂತ್ರ ಹೋದ ತಿಂಗಳು ನಮ್ಮನೇಲಿ ಬಿಟ್ಟು ಹೋಗಿದ್ದೇ ಅದಕ್ಕೆ. ಮಗಳ ಮದುವೆ ಕ್ಯಾಸೆಟ್ಟು ಒಳಗೇ ಇತ್ತು. ಈಗ ನಿನ್ನ ಕರೆದು ಹೇಳಿದ್ರಂತಲ್ಲ, ದೊಡ್ಡ ಮನಸ್ಸು ಮಾಡಿ. "ನಿನ್ನವ್ವನ ಸೋಬಾನೆ ಅದರಲ್ಲಿದೆ, ಜಯಪ್ಪನ ಮನೆಗೆ ಹೋಗಿ ಕೇಳು." ಅವ್ವ ಇದ್ದಾಗ ಅಂಗಳದಿಂದ ಒಳಗೆ ಬಿಡದ ಮನುಷ್ಯ. ಸತ್ತ ಮೇಲೆ ಎಷ್ಟು ಪ್ರೀತಿ ನೋಡು.

ಎಂತ? ಕೈ ಯಾಕೆ ತೋರಿಸ್ತೀಯ? ಹಿಂದಕ್ಕೆ ಸುತ್ತಬೇಕಾ? ಅದು ಬೇಡ, ಟೇಪು ಸಿಕ್ಕಿ... ಸರಿ, ಸರಿ. ಸುತ್ತಿದೆ. ತಗೋ.

ಹೌದು, ಕೇಳಿಸ್ತಾ ಇದೆ. ವಾಲಗ ಕೇಳಿಸ್ತಾ ಇದೆ. ಭಟ್ಟರ ಮಂತ್ರವೂ ಕೇಳಿಸ್ತಾ ಇದೆ. ಧಾರೆ ಮುಗಿಯೋವರೆಗೂ ದನಿ ಇದೆ, ನಿನ್ನವ್ವ ಬಾಯಿ ತೆರೆದ ಕೂಡಲೇ ಇಲ್ಲ. ಮುಗಿಸಿ ಪಕ್ಕಕ್ಕೆ ಸರಿದ ಮೇಲೆ ಮತ್ತೆ ಇದೆ.

ಹಾಗಾದ್ರೆ ಇಷ್ಟು ಹೊತ್ತು ತಂತಿ ಯಾಕೆ ಕಿತ್ತೆ ಅಂತ ನೋಡ್ತೀಯಾ? ಖಾತ್ರಿ ಮಾಡ್ಕೋಬೇಕಲ್ಲ ಮಾರಾಯ್ತಿ. ಈಗ ಖಾತ್ರಿ ಆಯ್ತು. ಇದು ಯಂತ್ರದ ದೋಷ ಅಲ್ಲ, ಮನುಷ್ಯನ ಕೆಲಸ. ಬೇಕಂತಲೇ ಅಳಿಸಿದ್ದು. ಯಾರು ಅಂತ ನಾನು ಹೇಳಬೇಕಾ? ಕ್ಯಾಸೆಟ್ಟು ಯಾರದ್ದು? ಮಗಳ ಮದುವೇಲಿ ಗದ್ದೆ ನೆಟ್ಟಿ ಮಾಡೋಳ ದನಿ ಇರೋದು ಅವರಿಗೆ ಸಹಿಸಲಿಲ್ಲ. ಹಾಡಿಸಿಕೊಳ್ಳೋದಕ್ಕೆ ಬೇಕು, ಇಟ್ಟುಕೊಳ್ಳೋದಕ್ಕೆ ಬೇಡ. ನೋಡು, ಚಿತ್ರದಲ್ಲೇ ನೋಡು, ಎಲ್ಲಿ ನಿಂತಿದ್ದಾಳೆ? ಚಪ್ಪರದ ಕಂಬದ ಹೊರಗೆ, ಬಿಸಿಲಲ್ಲಿ. ಒಳಗಿನವರಿಗೆ ಶುಭ ಹಾಡಬೇಕು, ತಾನು ಮಾತ್ರ ಒಳಗೆ ಬರಬಾರದು. ಅವರ ಮನೆಯ ಪದ್ಧತಿ ಅದು.

ಇದನ್ನ ಬಿಡಬಾರದು ತುಂಗಾ. ನಾನು ಬರೆದೇ ಇಟ್ಟಿದ್ದೀನಿ. ಕೇಳು. "ಕನ್ನಮ್ಮನ ದನಿಯನ್ನು ಎರಡನೇ ಸಲ ಕೊಂದವರು. ಹೊಸನಗರ, ತೀರ್ಥಹಳ್ಳಿ, ಸಾಗರದ ಕೂಲಿಕಾರರೇ, ಎದ್ದೇಳಿ." ಕೆಳಗೆ ಮುಕುಂದಯ್ಯನ ಹೆಸರು, ಊರು, ಎಲ್ಲ. ನಾಡಿದ್ದು ಸೋಮವಾರದ ಹೊತ್ತಿಗೆ ಮೂರು ತಾಲ್ಲೂಕಿನ ಬಸ್ ಸ್ಟ್ಯಾಂಡಲ್ಲೂ ಅಂಟಿಸ್ತೀವಿ. ಬರೀ ನಮ್ಮ ಕೂಲಿಕಾರರ ಸಂಘದ ಹೆಸರಿದ್ರೆ ಜಯಪ್ಪಂದು ಇದ್ದದ್ದೇ ಅಂತಾರೆ. ಮಗಳ ರುಜು ಬೇಕು. ಇಲ್ಲಿ. ಪೆನ್ನು ಹಿಡಿ.

ಹಿಡಿ.

ಇಷ್ಟು ಬೇಗ ಹೇಗೆ ಬರೆದೆ ಅಂತಲಾ? ಹಾಗೆ ನೋಡ್ತಾ ಇದ್ದೀಯ, ಅದಕ್ಕೆ ಕೇಳಿದೆ. ನಿನ್ನೆ ರಾತ್ರಿ... ಅಲ್ಲ, ನೀನು ಬರ್ತೀ ಅಂತ ಗೊತ್ತಾದಾಗ ಒಮ್ಮೆ ಹಾಕಿ ನೋಡಿದ್ದೆ. ದನಿ ಇಲ್ಲ ಅಂತ ಆಗಲೇ ಗೊತ್ತಾಯ್ತು. ಅದರಲ್ಲಿ ತಪ್ಪೆಂತದು?

ಅಯ್ಯೋ, ಅಳಿಸೋದು ಏನು ಮಹಾ ಕಷ್ಟ. ಇಲ್ಲಿ ಕೆಂಪು ಗುಂಡಿ ಇದೆಯಲ್ಲ, ಆಡಿಯೋ ಡಬ್. ಇದನ್ನ ಒತ್ತಿ ಓಡಿಸಿದ್ರೆ ಚಿತ್ರ ಹಾಗೇ ಉಳಿಯುತ್ತೆ, ದನಿ ಮಾತ್ರ ಬದಲಾಗುತ್ತೆ. ಇಲ್ಲಿ ಮೈಕ್ ಸಿಕ್ಕಿಸಬೇಕು. ಮೈಕಿನ ತಂತಿ ಒಳಗೇ ತುಂಡಾಗಿದ್ರೆ ಹೊಸ ದನಿಯೂ ಕೂರಲ್ಲ, ಹಳೇದೂ ಹೋಗುತ್ತೆ. ಮುಕುಂದಯ್ಯ ಮಾಡಿದ್ದು ಅಷ್ಟೇ. ಎಂಟು ನಿಮಿಷದ ಕೆಲಸ.

ಯಾಕೆ ಆ ಕಡೆ ನೋಡ್ತೀಯ? ಅದು ಸಂಘದ ಮೈಕು. ಸಾಗರದಿಂದ ತಂದದ್ದು. ಹೌದು, ಈ ಕಡೆಗೆಲ್ಲ ಇರೋದು ಅದೊಂದೇ. ಮುಕುಂದಯ್ಯನಿಗೆ ಮೈಕ್ ಎಲ್ಲಿಂದ ಬಂತು ಅಂತ ನನ್ನ ಕೇಳಿದ್ರೆ? ಅವರನ್ನ ಕೇಳು. ಅವರ ಹೆಂಡತಿ ವರದಮ್ಮ ಹೇಳಿದ್ದಾರೆ ತಾನೆ ನಿಂಗೆ, ಯಂತ್ರ ಇಲ್ಲಿಗೆ ಕೊಡೋ ಹಿಂದಿನ ದಿನ ಆ ಹಾಡು ಕೇಳಿ ಅತ್ತುಬಿಟ್ಟೆ ಅಂತ? ದೊಡ್ಡ ಮನೆ ಹೆಂಗಸರ ಕಣ್ಣೀರನ್ನ ನಂಬ್ತೀಯ, ನನ್ನ ಮಾತು ನಂಬಲ್ಲ?

ಏನಾದ್ರೂ ಹೇಳು ತುಂಗಾ.

ಬಯ್ಯಬೇಕಂದ್ರೆ ಬಯ್ಯಿ. ಪೆನ್ನು ಹೀಗೆ ನೆಲದ ಮೇಲೆ ಇಟ್ಟು ಕೂತ್ರೆ ನಾನೇನು ಅಂತ ತಿಳ್ಕೊಳ್ಳಲಿ?

...ನನಗೆ ಗೊತ್ತಿರಲಿಲ್ಲ. ಹಳೇ ದನಿ ಅಡಿಯಲ್ಲಿ ಉಳಿದು ನನ್ನದು ಮೇಲೆ ಕೂರುತ್ತೆ ಅಂದುಕೊಂಡಿದ್ದೆ. ಯಂತ್ರದ ಪುಸ್ತಕ ಇಂಗ್ಲಿಷಿನಲ್ಲಿತ್ತು, ಯಾರನ್ನ ಕೇಳಲಿ? ಹೊಸನಗರದ ಸಭೇಲಿ ಟಿ.ವಿ. ಇಟ್ಟು ತೋರಿಸೋಣ ಅಂತ. ಕಂಬದ ಹೊರಗೆ ನಿಂತವಳನ್ನ ನೋಡಿ ಅಂತ ಮೈಕಿಗೆ ನಾಲ್ಕು ಮಾತು ಹೇಳಿದೆ. ನಾಲ್ಕಲ್ಲ. ಅವಳು ಹಾಡಿದಷ್ಟು ಹೊತ್ತೂ ಹೇಳಿದೆ. ಅವಳ ಬಗ್ಗೆಯೇ ಹೇಳಿದ್ದು, ನನ್ನ ಬಗ್ಗೆ ಅಲ್ಲ. ಆಮೇಲೆ ಹಾಕಿ ಕೇಳಿದ್ರೆ ನನ್ನದೂ ಇಲ್ಲ, ಅವಳದ್ದೂ ಇಲ್ಲ. ಮೂರು ಸಲ ಸುತ್ತಿ ಕೇಳಿದೆ. ಜುಂಯ್ ಅನ್ನೋದೊಂದೇ.

ನಿನ್ನ ಹತ್ತಿರ ಬಂದು ಹೇಳಬೇಕಿತ್ತು. ಹೇಳಿದ್ರೆ ಸಂಘದಲ್ಲಿ ಯಾರು ನನ್ನ ಮಾತು ಕೇಳ್ತಾರೆ? ಮುಕುಂದಯ್ಯ ಹೇಗಿದ್ರೂ ಒಳ್ಳೆಯವನಲ್ಲ. ಇನ್ನೊಂದು ತಪ್ಪು ಅವನ ತಲೆ ಮೇಲಿದ್ರೆ ಏನು ಹೋಯ್ತು ಅಂದುಕೊಂಡೆ. ಈಗಲೂ ಅವನು ಒಳ್ಳೆಯವನಲ್ಲ. ಅದು ಸುಳ್ಳಾ? ಹೇಳು, ಅದು ಸುಳ್ಳಾ?

ಟಿ.ವಿ. ಹತ್ತಿರ ಯಾಕೆ ಸರಿದೆ? ಅಷ್ಟು ಹತ್ತಿರ ಕೂತ್ರೆ ಕಣ್ಣು ನೋಯುತ್ತೆ. ಮತ್ತೆ ಸುತ್ತಬೇಕಾ? ಬಿಡು, ನೀನೇ ಒತ್ತಿದೆಯಲ್ಲ. ಕಲಿತೆ.

ನಿನ್ನ ತುಟಿ ಆಡ್ತಾ ಇದೆ.

ಅವ್ವನ ಜೊತೆಗೇ ಆಡ್ತಾ ಇದೆ. ನಿಂಗೆ ಆ ಹಾಡು ಬರುತ್ತಾ? ಪೂರ್ತಿ ಬರುತ್ತಾ? ಹಾಗಾದ್ರೆ ದನಿ ಬಿಟ್ಟು ಹಾಡೇ, ಮೈಕಿನ ತಂತಿ ಬೆಸೆದಿದ್ದೀನಿ, ಈಗ ಸರಿ ಇದೆ, ಅದೇ ಜಾಗದಲ್ಲಿ ನಿನ್ನದನ್ನ...

ಇಲ್ಲ. ಮೈಕ್ ತೆಗೀತೀನಿ. ತೆಗೆದೆ, ನೋಡು.

ಈಗಲೂ ಹಾಡಲ್ವಾ.

ನನ್ನೆದುರು ಹಾಡಲ್ಲ, ಅಲ್ವಾ? ಸರಿ, ನಾನು ರಸ್ತೆ ಆಚೆ ಹೋಗಿ ನಿಂತಿರ್ತೀನಿ. ಅಲ್ಲಿಗೆ ಕೇಳಿಸಲ್ಲ. ಬಾಗಿಲು ನೀನೇ ಹಾಕ್ಕೋ.